ಏನೂ ಆಗಲಿಲ್ಲವಲ್ಲ

ಮಂಗಳವಾರ ಬೆಳಿಗ್ಗೆ ಗೆಳೆಯ ಒಂದು ಫೋಟೊ ಕಳಿಸಿದ. ಅಮೆರಿಕದ ಬಕ್‌ಸ್ಕಿನ್ ಗಲ್ಚ್ ಎಂಬ ಇಕ್ಕಟ್ಟು ಕಣಿವೆಯ ಕೆಂಪು ಗೋಡೆಗಳ ನಡುವೆ ಇಬ್ಬರು ಹುಡುಗರು ನಗುತ್ತಾ ನಿಂತಿದ್ದಾರೆ. ಯಾರೋ ಏನೋ, ಅವನಿಗೂ ಗೊತ್ತಿಲ್ಲ. ಫೋಟೊ ತೆಗೆದದ್ದು ಶನಿವಾರ, ಅಂದರೆ ನಾವು ಬೆನ್ನಿಗೆ ಚೀಲ ಏರಿಸದೆ ವಾಪಸ್ ಬಂದ ದಿನವೇ. ಕೆಳಗೆ ಒಂದೇ ಸಾಲು: "ನೋಡು, ಏನೂ ಆಗಲಿಲ್ಲವಲ್ಲ."

ನಾನಿನ್ನೂ ಉತ್ತರ ಕೊಟ್ಟಿಲ್ಲ.

ಶನಿವಾರ ಬೆಳಿಗ್ಗೆ ರೇಂಜರ್ ಹೆಂಗಸು ನಮ್ಮ ಪರ್ಮಿಟ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ನೀರು ಬಂದರೆ ಎಲ್ಲಿಗೆ ಹತ್ತುತ್ತೀರಿ?" ಹೋಗಬೇಡಿ ಎಂದು ಅವರು ಒಂದು ಸಲವೂ ಹೇಳಲಿಲ್ಲ. ಗೆಳೆಯ ಕಿಟಕಿ ಕಡೆ ಕೈ ತೋರಿಸಿ ನಕ್ಕ. "ಆಕಾಶ ನೋಡಿ, ಒಂದು ಮೋಡವೂ ಇಲ್ಲ." ಆಕೆ ಕಿಟಕಿ ನೋಡಲೇ ಇಲ್ಲ. ಮೇಜಿನ ಮೇಲಿದ್ದ ನಕಾಶೆಯಲ್ಲಿ ಬೆರಳನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಎಳೆದುಕೊಂಡು ಹೋದರು. ಬಕ್‌ಸ್ಕಿನ್ ಹೋಗಿ ಸೇರುವ ಪರಿಯಾ ನದಿ ಹುಟ್ಟುವ, ಬ್ರೈಸ್ ಕ್ಯಾನ್ಯನ್ ಕಡೆಯ ಎತ್ತರದವರೆಗೂ. "ನಿಮ್ಮ ನೀರು ಇಲ್ಲಿಂದೆಲ್ಲ ಬರುತ್ತೆ," ಅಂದರು. ಬಕ್‌ಸ್ಕಿನ್‌ಗೆ ಸೇರುವ ಹಳ್ಳಗಳದ್ದೂ ಅದೇ ಕಥೆ.

ಯೂಟಾ, ಅರಿಜೋನಾ ಗಡಿಯ ಈ ಕಣಿವೆಗಳ ಸಮಸ್ಯೆಯೇ ಇದು. ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಎಲ್ಲಿ ಬೇಕಾದರೂ ಬೀಳಬಹುದು. ಬರೀ ಬಂಡೆ, ನೀರು ಇಂಗಲು ಮಣ್ಣಿಲ್ಲ. ಬಿದ್ದದ್ದೆಲ್ಲ ಒಂದು ಸೀಳಿಗೆ ಬಂದು ಸೇರುತ್ತದೆ. 1997ರ ಆಗಸ್ಟ್ 12ರಂದು ಇದೇ ಸೀಮೆಯ ಆಂಟೆಲೋಪ್ ಕ್ಯಾನ್ಯನ್‌ನಲ್ಲಿ 11 ಜನ ಕೊಚ್ಚಿಹೋಗಿ ಸತ್ತರು. ಮಳೆ ಸುರಿದಿದ್ದು ಮೈಲಿಗಟ್ಟಲೆ ದೂರದಲ್ಲಿ, ಹರಿವಿನ ಮೇಲ್ಭಾಗದಲ್ಲಿ. ಬಕ್‌ಸ್ಕಿನ್ ಅಂತೂ ಇಪ್ಪತ್ತು ಕಿಲೋಮೀಟರಿಗೂ ಜಾಸ್ತಿ ಉದ್ದ. ಕೆಲವು ಕಡೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ನಡುವೆ ಮೇಲೆ ಹತ್ತಿ ಹೊರಬರಲು ಜನ ಬಳಸುವ ದಾರಿ ಒಂದೇ ಒಂದು, ಅದಕ್ಕೂ ಬಂಡೆ ಹತ್ತಲು ಬರಬೇಕು.

ಹಿಂದಿನ ದಿನ ಮುನ್ಸೂಚನೆ ಚೆನ್ನಾಗಿದ್ದಾಗ ವೈರ್ ಪಾಸ್ ಎಂಬ ಪ್ರವೇಶ ದಾರಿಯಿಂದ ಸ್ವಲ್ಪ ಒಳಗೆ ಹೋಗಿ ಬಂದಿದ್ದೆವು. ನಮ್ಮ ತಲೆಗಿಂತ ತುಂಬಾ ಮೇಲೆ, ಎರಡು ಗೋಡೆಗಳ ನಡುವೆ, ಒಂದು ಮರದ ದಿಮ್ಮಿ ಅಡ್ಡ ಸಿಕ್ಕಿಕೊಂಡಿತ್ತು. ಗೆಳೆಯ ಅದರ ಫೋಟೊ ತೆಗೆದ. ಅದು ಅಲ್ಲಿಗೆ ಹೇಗೆ ಹೋಯಿತು ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದರೆ ರೇಂಜರ್ ಪ್ರಶ್ನೆ ಒಂದು ದಿನ ಮೊದಲೇ ಬರುತ್ತಿತ್ತು.

ಹೇಳಬೇಕು, ಗೆಳೆಯ ಬೇಜವಾಬ್ದಾರಿ ಮನುಷ್ಯನಲ್ಲ. ಮರಳಿನ ಮೇಲೆ ಬೆಳೆಯುವ ಆ ಕಪ್ಪು ಜೀವಂತ ಪದರದ ಮೇಲೆ ನಾನು ಕಾಲಿಟ್ಟಾಗ ಬೈದವನೇ ಅವನು. ಸ್ವಂತ ಮಲವನ್ನೂ ಚೀಲದಲ್ಲಿ ಕಟ್ಟಿ ಹೊತ್ತು ತರಬೇಕು ಎಂಬ ನಿಯಮಕ್ಕೆ ಮೂಗು ಮುರಿಯದೆ, ಎಲ್ಲರಿಗೂ ಎರಡೆರಡು ಜಾಸ್ತಿ ಚೀಲ ತಂದಿದ್ದ. ಆದರೆ ಅವನ ಲೆಕ್ಕದಲ್ಲಿ ಜವಾಬ್ದಾರಿ ಅಂದರೆ ಕಣಿವೆಗೆ ನಾವು ಏನೂ ಮಾಡದಿರುವುದು, ಅಷ್ಟೇ. ನಾವು ಸಿಕ್ಕಿಬಿದ್ದರೆ ಹಗ್ಗ ಹಿಡಿದು ಇಳಿಯಬೇಕಾದವರು ಆ ಲೆಕ್ಕದಲ್ಲಿ ಇರಲೇ ಇಲ್ಲ. ಸಾಲ್ಟ್ ಲೇಕ್ ಸಿಟಿಯ ಹವಾಮಾನ ಕಚೇರಿ ದಿಢೀರ್ ಪ್ರವಾಹದ ಸಾಧ್ಯತೆಯನ್ನು ನಾಲ್ಕು ಹಂತಗಳಲ್ಲಿ ಹೇಳುತ್ತದೆ. ಅವತ್ತು ಇದ್ದದ್ದು ಮೂರನೆಯದು, 'ಪ್ರಾಬಬಲ್', ಅಂದರೆ ಬರುವ ಸಂಭವವೇ ಹೆಚ್ಚು. "ಅಂದ್ರೆ ಬರದೇ ಇರಬಹುದು ಅಂತ ತಾನೇ?" ಎಂದ. ವಿಮಾನಕ್ಕೆ ದುಡ್ಡು ಕೊಟ್ಟಾಗಿದೆ, ರಜೆ ಹಾಕಿಯಾಗಿದೆ, ರಾತ್ರಿ ಒಳಗೆ ತಂಗಲು ದಿನಕ್ಕೆ 20 ಜನರಿಗಷ್ಟೇ ಸಿಗುವ ಪರ್ಮಿಟ್ ಕೈಯಲ್ಲಿದೆ. ಇಷ್ಟೆಲ್ಲ ಇದ್ದಾಗ ಯಾವ ಪದವಾದರೂ ನಮ್ಮ ಕಡೆಗೇ ವಾಲುತ್ತದೆ, ಅಲ್ವಾ?

ಬೇಡ ಅಂದದ್ದು ನಾನಲ್ಲ. ಅದನ್ನು ಒಪ್ಪಿಕೊಳ್ಳಬೇಕು. ನಾನು ಸುಮ್ನೆ ನಕಾಶೆ ನೋಡುತ್ತಾ ನಿಂತಿದ್ದೆ. ಜೊತೆಗೆ ಬಂದಿದ್ದ ನನ್ನ ತಂಗಿ ಕೇಳಿದಳು, "ಅಣ್ಣಾ, ಅವರು ಕೇಳಿದ್ದಕ್ಕೆ ನಿನ್ನ ಹತ್ರ ಉತ್ತರ ಇದೆಯಾ?" ಇರಲಿಲ್ಲ. ಇಲ್ಲ ಎಂದೆ. ಗೆಳೆಯ ಕಾರಿನವರೆಗೂ ಮಾತಾಡಲಿಲ್ಲ.

ಅವತ್ತು ಆ ಕಣಿವೆಗೆ ನೀರು ಬರಲೇ ಇಲ್ಲ. ಸಂಜೆ ನಾಲ್ಕಕ್ಕೆ ಉತ್ತರದಲ್ಲಿ ಮೋಡ ಕಪ್ಪಾಗಿತ್ತು, ಮಿಂಚಿತ್ತು, ಆಮೇಲೆ ಎತ್ತಲೋ ಹೋಯಿತು. ಬಂದಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಒಂದು ವಿಡಿಯೊ ಕಳಿಸಿ "ನೋಡಿದ್ಯಾ?" ಎನ್ನಬಹುದಿತ್ತು. ಹಾಗೆ ಅಂದುಕೊಂಡದ್ದಕ್ಕೇ ನಾಚಿಕೆ. ಒಳಗೆ ಆ ಹುಡುಗರಿದ್ದರಲ್ಲ!

ಅವರ ಮುಖವನ್ನು ಎಷ್ಟು ಸಲ ನೋಡಿದ್ದೇನೋ. ಖುಷಿಯಾಗಿದ್ದಾರೆ. ಮುಂದಿನ ಸಲವೂ ಹೋಗುತ್ತಾರೆ, ಇನ್ನಿಬ್ಬರಿಗೆ ಧೈರ್ಯ ಹೇಳುತ್ತಾರೆ. ಹೀಗೆ ನಗುವ ಫೋಟೊ ಕಳಿಸುವವರು ಹೊರಗೆ ಬಂದವರು ಮಾತ್ರ ಎಂದು ಗೆಳೆಯನಿಗೆ ಬರೆದೆ, ಅಳಿಸಿದೆ. ತೀರಾ ಉಪದೇಶದ ಥರ ಕಾಣಿಸಿತು. ಅವನಿಗೆ ಈಗ ಉಪದೇಶ ಬೇಡ, ರಜೆ ಹಾಳಾದ ಸಿಟ್ಟು ಇಳಿಯಬೇಕು.

ಅಕ್ಟೋಬರ್ ಕೊನೆಗೆ ಪರ್ಮಿಟ್ ಖಾಲಿ ಇದೆಯಾ ಎಂದು ನಿನ್ನೆ ರಾತ್ರಿ ಹುಡುಕುತ್ತಾ ಕೂತಿದ್ದೆ. ತಂಗಿ ಬರುತ್ತೇನೆ ಅಂದಿದ್ದಾಳೆ. ಅವನಿಗಿನ್ನೂ ಹೇಳಿಲ್ಲ.