ಎಲ್ಲಾ ಇನ್‌ಲೈನ್ ಮಾಡಿ ಅಂದ್ರು, ಅಡಿಕೆ ದರನೇ ಕಾಣ್ಲಿಲ್ಲ

ಶಿರಸಿಲಿ ಕೂತು ಅಡಿಕೆ ದರದ ಸೈಟ್ ನೋಡ್ಕೊಳ್ಳೋ ಕೆಲಸ ನಂದು. ನೋಡೋರೆಲ್ಲ ತೋಟದೋರು, ಸಿದ್ದಾಪುರ ಯಲ್ಲಾಪುರದ ಒಳಗಿನ ಹಳ್ಳಿಲಿ ಒಂದು ಕಡ್ಡಿ ಸಿಗ್ನಲ್ ಸಿಕ್ಕಿದ್ರೆ ಅದೇ ದೊಡ್ಡದು, ಹಂಗಾಗಿ ಪೇಜ್ ಬೇಗ ತೆರ್ಕೋಬೇಕು ಅನ್ನೋದ್ರಲ್ಲಿ ಯಾರದ್ದೂ ತಕರಾರಿಲ್ಲ. ಮ್ಯಾನೇಜರ್ರು ಪೇಜ್‌ಸ್ಪೀಡ್ ರಿಪೋರ್ಟಲ್ಲಿ ರೆಂಡರ್ ಬ್ಲಾಕಿಂಗ್ (ಕೆಲವು ಫೈಲು ಇಳಿಯೋ ತನಕ ಪೇಜ್ ಕಾಣಲ್ಲ) ಅಂತ ಬಂದಿದ್ದು ನೋಡಿ ಸಿಎಸ್ಎಸ್ಸು (ಪೇಜಿನ ಸ್ಟೈಲು), ಜೆಎಸ್ಸು (ಪೇಜಲ್ಲಿ ಓಡೋ ಸ್ಕ್ರಿಪ್ಟು) ಎಲ್ಲಾ ಬೇರೆ ಫೈಲು ಬೇಡ, ಎಚ್‌ಟಿಎಂಎಲ್ ಒಳಗೇ ತುಂಬಿ, ಅಂದ್ರೆ ಇನ್‌ಲೈನ್ ಮಾಡಿ ಅಂದ್ರು. ಸ್ಟೇಜಿಂಗಲ್ಲಿ (ನಾವು ಮೊದಲು ಪರೀಕ್ಷೆ ಮಾಡೋ ಸರ್ವರ್) ಸ್ಕೋರ್ ಏರ್ತು, ಜನ ನೋಡೋ ಸೈಟಿಗೆ ಡೆಪ್ಲಾಯ್ ಆಯ್ತು.

ಟೆಂಡರ್ ಮುಗಿದು ದರ ಬರೋ ಹೊತ್ತಿಗೆ ಫೋನ್ ಶುರು. "ತಮಾ, ರಾಶಿ, ಚಾಲಿ ಯಾವ್ದರ ದರನೂ ಕಾಣ್ತಿಲ್ಲೆ, ಎಂತಾ ಆಜು?" ಟೇಬಲ್ ಇದೆ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆ ಬಗೆಗಳ ಹೆಸರೂ ಇದೆ, ಪಕ್ಕದ ಕಾಲಂ ಖಾಲಿ. ನಂಗೆ ಪೇಜಿಗೆ ದರ ಕೊಡೋ ಎಪಿಐ ಮೇಲೇ ಅನುಮಾನ, ರೀಸ್ಟಾರ್ಟ್ ಮಾಡ್ದೆ, ಪೇಜಿನ ಪ್ರತಿ ಇಟ್ಟು ಹಂಚೋ ಸಿಡಿಎನ್ನಲ್ಲಿ ಹಳೇ ಪ್ರತಿ ಅಳಿಸಿ ಪರ್ಜ್ ಮಾಡ್ದೆ, ಏನೂ ಆಗ್ಲಿಲ್ಲ, ಆ ಕಡೆ ಜನ ಇವತ್ತು ಮಾರೋದೋ ಬೇಡ್ವೋ ಅಂತ ಕಾಯ್ತಾ ಇದಾರೆ. ಲಾಗ್ ನೋಡಿದ್ರೆ ಎಪಿಐಗೆ ರಿಕ್ವೆಸ್ಟೇ ಬಂದಿಲ್ಲ. ಆಮೇಲೆ ಬ್ರೌಸರಿನ ತಪ್ಪು ತೋರಿಸೋ ಕನ್ಸೋಲ್ ತೆಗೆದ್ರೆ ಕೆಂಪು ಸಾಲು: ಇನ್‌ಲೈನ್ ಸ್ಕ್ರಿಪ್ಟ್ ಬ್ಲಾಕ್. ಪ್ರೊಡಕ್ಷನಲ್ಲಿ, ಅಂದ್ರೆ ಜನ ನೋಡೋ ಸೈಟಲ್ಲಿ, ಸಿಎಸ್‌ಪಿ ಹೆಡರ್ (ಯಾವ ಸ್ಕ್ರಿಪ್ಟು ಓಡಬಹುದು ಅಂತ ಬ್ರೌಸರಿಗೆ ಹೇಳೋ ನಿಯಮ) ಇದೆ, ಸ್ಕ್ರಿಪ್ಟು ನಮ್ಮ ಸರ್ವರಿನ ಫೈಲಿಂದ ಬಂದ್ರೆ ಮಾತ್ರ ಓಡುತ್ತೆ. ಸ್ಟೇಜಿಂಗಲ್ಲಿ ಆ ಹೆಡರೇ ಇಲ್ಲ.

ಅನ್‌ಸೇಫ್ ಇನ್‌ಲೈನ್ ಅಂತ ಹೆಡರಲ್ಲಿ ಹಾಕಿ ಇನ್‌ಲೈನ್ ಸ್ಕ್ರಿಪ್ಟಿಗೂ ಅನುಮತಿ ಕೊಡೋಣ ಅಂದ ಒಬ್ಬ. ನಾನು ಬಿಲ್ಕುಲ್ ಒಪ್ಲಿಲ್ಲ, ಹಂಗೆ ಮಾಡಿದ್ರೆ ಎಕ್ಸ್‌ಎಸ್‌ಎಸ್ (ಬೇರೆಯೋರು ಪೇಜೊಳಗೆ ಕೆಟ್ಟ ಸ್ಕ್ರಿಪ್ಟು ತೂರಿಸೋದು) ತಡೀಲಿಕ್ಕೆ ಅಂತ ಇಟ್ಟಿದ್ದ ಹೆಡರೇ ದಂಡ. ಸ್ಕ್ರಿಪ್ಟ್ ವಾಪಸ್ ಫೈಲಿಗೆ ಹೋಯ್ತು, ಪೇಜ್ ಓದಿ ಮುಗಿದ ಮೇಲೆ ಓಡ್ಲಿ ಅಂತ ಡಿಫರ್ ಹಾಕಿದ್ವಿ, ದರ ಬಂತು.

ಸಿಎಸ್ಎಸ್ಸಿಗೆ ಹೆಡರಿನ ಅಡ್ಡಿ ಇರ್ಲಿಲ್ಲ, ಆದ್ರೂ ಪೂರ್ತಿ ಒಳಗೆ ತುಂಬಿದ್ದು ತಪ್ಪೇ. ಫೈಲಾಗಿದ್ರೆ ಒಂದ್ಸಲ ಇಳಿದು ಬ್ರೌಸರಿನ ಕ್ಯಾಶಲ್ಲಿ (ಫೋನಲ್ಲೇ ಉಳಿಯೋ ಪ್ರತಿ) ಕೂರುತ್ತೆ, ಇನ್‌ಲೈನ್ ಆದ್ರೆ ದರದ ಪೇಜಿಂದ ಗ್ರಾಫಿಗೆ ಹೋದಾಗೆಲ್ಲ ಅದೇ ಸ್ಟೈಲು ಮತ್ತೆ ಮತ್ತೆ ಇಳೀಬೇಕು, ದಿನಾ ಬಂದು ನೋಡೋ ಜನಕ್ಕೆ ಇದು ಶುದ್ಧ ನಷ್ಟ. ಮೇಲಿಂದ ಸಿಎಸ್ಎಸ್ ಫೈಲಿನ ಜಾಗದಿಂದ ಲೆಕ್ಕ ಆಗ್ತಿದ್ದ ಫಾಂಟಿನ ರಿಲೇಟಿವ್ ಪಾತ್ ಈಗ ಪೇಜಿನ ವಿಳಾಸದಿಂದ ಲೆಕ್ಕ ಆಗಿ 404, ಫಾಂಟೇ ಸಿಗ್ಲಿಲ್ಲ. ಫಾಂಟನ್ನೂ ಬೇಸ್64 (ಫೈಲನ್ನ ಬರೀ ಅಕ್ಷರಗಳಾಗಿ ಬರೆಯೋ ಕ್ರಮ) ಮಾಡಿ ಒಳಗೇ ಹಾಕಿ ಅಂತ ಮತ್ತೊಂದು ಮೇಲ್ ಬಂತು, ಬೇಸ್64 ಮಾಡಿದ್ರೆ ಫಾಂಟು ಮೂರರಲ್ಲೊಂದು ಪಾಲು ಹೆಚ್ಚು ದಪ್ಪ ಆಗುತ್ತೆ ಅಂತ ಉತ್ತರ ಬರ್ದೆ.

ಈಗ ಮೊದಲ ಸ್ಕ್ರೀನಿಗೆ ಬೇಕಾದಷ್ಟೇ ಸ್ಟೈಲು ಒಳಗಿದೆ, ಉಳಿದಿದ್ದು ಫೈಲು. ಟಿಸಿಪಿ (ನೆಟ್ಟಲ್ಲಿ ಡೇಟಾ ಕಳಿಸೋ ಕ್ರಮ) ಮೊದಲ ಸುತ್ತಲ್ಲಿ ಸಾಮಾನ್ಯವಾಗಿ 10 ಪ್ಯಾಕೆಟ್, ಅಂದ್ರೆ ಸುಮಾರು 14 ಕೆಬಿ ಕಳಿಸುತ್ತೆ, ಜಿಝಿಪ್ ಆಗಿ ಕುಗ್ಗಿದ ಎಚ್‌ಟಿಎಂಎಲ್ ಅಷ್ಟರಲ್ಲಿ ಕೂತ್ರೆ ಘಟ್ಟದ ನೆಟ್‌ವರ್ಕಲ್ಲಿ ಸರ್ವರಿಗೆ ಹೋಗಿಬರೋ ಒಂದು ಸುತ್ತು ಉಳಿತಾಯ ಆಗುತ್ತೆ. ಇವತ್ತಿನ ದರನ ಸರ್ವರೇ ಟೇಬಲಲ್ಲಿ ಬರೆದು ಕಳಿಸೋ ಹಂಗೆ ಮಾಡಿದೀವಿ, ಸ್ಕ್ರಿಪ್ಟು ಓಡ್ದೇ ಇದ್ರೂ ತೋಟದೋರಿಗೆ ಅಂಕಿ ಸಿಗುತ್ತೆ.

ಸ್ಟೇಜಿಂಗಿಗೂ ಅದೇ ಹೆಡರ್ ಬೇಕು ಅಂತ ಟಿಕೆಟ್ ಹಾಕಿದೀನಿ, ಇನ್ನೂ ಓಪನ್ ಇದೆ, ಪ್ರತಿ ಸ್ಟ್ಯಾಂಡಪ್ಪಲ್ಲೂ (ಟೀಮಿನ ಚಿಕ್ಕ ಮೀಟಿಂಗು) ಕೇಳ್ತಾ ಇದೀನಿ.