ಕೀ ಮೀಟರಿನ ಮನೆಗಳಿಗೆ ತಲುಪಬೇಕಾದ ಹಣ

2023ರ ಫೆಬ್ರವರಿ 11, ಶನಿವಾರ
ಈಸ್ಟ್ ಹ್ಯಾಮ್, ಲಂಡನ್

ಈ ಚಳಿಗಾಲದ ಇಂಧನ ವೆಚ್ಚಕ್ಕೆಂದು ಸರ್ಕಾರ ಇಲ್ಲಿನ ಪ್ರತಿ ಮನೆಗೆ ಕೊಡುತ್ತಿರುವ 400 ಪೌಂಡಿನ ಐದನೆಯ ಕಂತು ಈ ತಿಂಗಳಿನದು. ಅಕ್ಟೋಬರ್ ಮತ್ತು ನವೆಂಬರಿನಲ್ಲಿ 66 ಪೌಂಡ್, ಡಿಸೆಂಬರಿನಿಂದ ಮಾರ್ಚ್‌ವರೆಗೆ ತಿಂಗಳಿಗೆ 67 ಪೌಂಡ್ ಎಂಬುದು ಲೆಕ್ಕ. ಡೈರೆಕ್ಟ್ ಡೆಬಿಟ್ ಮೂಲಕ, ಅಂದರೆ ಬ್ಯಾಂಕ್ ಖಾತೆಯಿಂದ ಪ್ರತಿ ತಿಂಗಳು ತಾನಾಗಿ ಕಡಿತವಾಗುವಂತೆ, ಬಿಲ್ಲು ಕಟ್ಟುವ ಮನೆಯವರು ಏನನ್ನೂ ಮಾಡಬೇಕಿಲ್ಲ. ಹಣ ತಾನಾಗಿ ಖಾತೆಗೆ ಸೇರುತ್ತದೆ. ಸ್ಮಾರ್ಟ್ ಪ್ರಿಪೇಯ್ಡ್ ಮೀಟರಿಗೂ ದೂರದಿಂದಲೇ ಜಮೆಯಾಗುತ್ತದೆ. ಕೀ ಅಥವಾ ಕಾರ್ಡಿಗೆ ಮುಂಗಡ ಹಣ ತುಂಬಿಸಿ ಹಾಕಬೇಕಾದ ಹಳೆಯ ಕೀ ಮೀಟರು ಅಥವಾ ಕಾರ್ಡ್ ಮೀಟರು ಇರುವ ಸುಮಾರು 20 ಲಕ್ಷ ಮನೆಗಳಿಗೆ ಮಾತ್ರ ಅದು ವೋಚರಿನ ರೂಪದಲ್ಲಿ, ಅಂಚೆಯಲ್ಲೋ ಇಮೇಲ್‌ನಲ್ಲೋ ಮೊಬೈಲಿನ ಸಂದೇಶವಾಗಿಯೋ ಬರುತ್ತದೆ. ಅದನ್ನು ಹಿಡಿದು, ಮೀಟರಿನ ಕೀ ಜೊತೆಗಿಟ್ಟುಕೊಂಡು, ಪೋಸ್ಟ್ ಆಫೀಸಿಗೋ ಪೇಪಾಯಿಂಟ್ ಎಂಬ ಹಣ ಪಾವತಿಯ ಸೌಲಭ್ಯ ಇರುವ ಅಂಗಡಿಗೋ ಹೋಗಿ ಹಣವನ್ನು ಕೀಗೆ ತುಂಬಿಸಿಕೊಂಡು ಬರಬೇಕು.

ಇಂದು ಮಧ್ಯಾಹ್ನ ದಾವಣಗೆರೆ ಕಡೆಯ ಒಬ್ಬ ವಿದ್ಯಾರ್ಥಿನಿ ಇದೇ ವಿಷಯ ಕೇಳಲು ಬಂದಿದ್ದಳು. ಕಳೆದ ಸೆಪ್ಟೆಂಬರಿನಲ್ಲಿ ಓದಲು ಬಂದು, ಮೂವರು ಗೆಳತಿಯರೊಂದಿಗೆ ಬಾಡಿಗೆ ಮನೆಯಲ್ಲಿದ್ದಾಳೆ. "ಅಕ್ಕಾ, ನಮ್ಮಲ್ಲಿ ಕರೆಂಟು ಉರಿಸಿದ ಮೇಲೆ ಬಿಲ್ಲು ಬರುತ್ತೆ, ಇಲ್ಲಿ ದುಡ್ಡು ಹಾಕಿದ ಮೇಲೆ ಕರೆಂಟು ಬರುತ್ತೆ" ಎಂದಳು. ತಿಂಗಳಿಗೊಮ್ಮೆ ಮೀಟರ್ ರೀಡರ್ ಮನೆ ಬಾಗಿಲಿಗೆ ಬಂದು ಬಿಲ್ಲು ಹರಿದು ಕೊಟ್ಟುಹೋಗುವುದನ್ನು ನೋಡಿ ಬೆಳೆದವರಿಗೆ ಈ ವ್ಯವಸ್ಥೆ ಹೊಸದು. ಅವರ ಮನೆಗೆ ಒಂದೂ ವೋಚರು ಬಂದಿಲ್ಲವೆಂದು ಅವಳು ನಂಬಿದ್ದಳು. ವಿಚಾರಿಸಿದಾಗ ತಿಳಿದದ್ದು ಬೇರೆ: ಹಿಂದಿನ ಬಾಡಿಗೆದಾರರ ಹೆಸರಿಗೆ ಬಂದ ಲಕೋಟೆಗಳು ಹಾಗೆಯೇ ಬಾಗಿಲ ಬಳಿಯ ಕಪಾಟಿನ ಮೇಲೆ ಕೂತಿದ್ದವು. ಮನೆಗೆ ಬಂದ ದಿನವೇ ವಿದ್ಯುತ್ ಕಂಪನಿಗೆ ತಮ್ಮ ಹೆಸರು ತಿಳಿಸಬೇಕೆಂದು ಈ ಮಕ್ಕಳಿಗೆ ಯಾರೂ ಹೇಳಿರಲಿಲ್ಲ. ಮನೆ ಮಾಲೀಕನು ಕೈಗೆ ಕೀ ಕೊಟ್ಟು, ಮೂಲೆಯ ಅಂಗಡಿ ತೋರಿಸಿ ಹೋಗಿದ್ದನಂತೆ.

ಇಂಥ ಮೀಟರುಗಳು ಹೆಚ್ಚಾಗಿ ಇರುವುದು ಬಾಡಿಗೆ ಮನೆಗಳಲ್ಲಿ, ಕಡಿಮೆ ಆದಾಯದವರ ಮನೆಗಳಲ್ಲಿ, ಹಿಂದೆ ಬಿಲ್ಲು ಬಾಕಿ ಉಳಿಸಿಕೊಂಡವರ ಮನೆಗಳಲ್ಲಿ. ನೆರವು ಎಲ್ಲರಿಗಿಂತ ಮೊದಲು ಮುಟ್ಟಬೇಕಾದವರೇ ಅದಕ್ಕಾಗಿ ಎಲ್ಲರಿಗಿಂತ ಹೆಚ್ಚು ಓಡಾಡಬೇಕಾಗಿ ಬಂದಿದೆ ಎಂಬುದು ನನ್ನನ್ನು ಈ ಚಳಿಗಾಲವಿಡೀ ಕಾಡುತ್ತಿದೆ. ಡೈರೆಕ್ಟ್ ಡೆಬಿಟ್ ಇದ್ದವರ ವೆಚ್ಚ ಹನ್ನೆರಡು ತಿಂಗಳಿಗೆ ಸಮನಾಗಿ ಹಂಚಿಹೋಗುತ್ತದೆ. ಬೇಸಿಗೆಯಲ್ಲಿ ಕಟ್ಟಿದ ಹೆಚ್ಚುವರಿ ಹಣ ಜನವರಿಯ ಭಾರವನ್ನು ಹೊರುತ್ತದೆ. ಕೀ ಮೀಟರಿನವರಿಗೆ ಆ ಸೌಕರ್ಯವಿಲ್ಲ. ಜನವರಿಯ ಚಳಿಗೆ ಜನವರಿಯಲ್ಲೇ, ಅದೂ ಮುಂಗಡವಾಗಿ, ಹಣ ಸುರಿಯಬೇಕು. ಹಳೆಯ ಬಾಕಿಯಿದ್ದರೆ ತುಂಬಿಸಿದ ಹಣದಲ್ಲಿ ಒಂದು ಪಾಲು ಮೊದಲೇ ಅದಕ್ಕೆ ಕಡಿತವಾಗುತ್ತದೆ. ಇನ್ನು ದಿನದ ಸ್ಥಿರ ಶುಲ್ಕವಂತೂ ದೀಪ ಹಚ್ಚದಿದ್ದರೂ ಏರುತ್ತಲೇ ಹೋಗುತ್ತದೆ. ಆದ್ದರಿಂದ ಹಣವಿಲ್ಲದೆ ನಾಲ್ಕು ದಿನ ಕತ್ತಲಲ್ಲಿ ಕಳೆದವರು ಐದನೆಯ ದಿನ ಹತ್ತು ಪೌಂಡ್ ಹಾಕಿದರೆ, ಅದರಲ್ಲಿ ಆ ಕತ್ತಲಿನ ದಿನಗಳ ಶುಲ್ಕವೂ ಮುರಿದುಹೋಗುತ್ತದೆ. ತುರ್ತಿಗೆಂದು ಮೀಟರು ಕೊಡುವ ಐದೋ ಹತ್ತೋ ಪೌಂಡಿನ ಸಾಲವೂ ಮುಂದಿನ ಸಲ ಹಣ ತುಂಬಿದಾಗ ವಸೂಲಾಗುತ್ತದೆ.

ಹಣ ಮುಗಿದು ಮನೆ ಕತ್ತಲಾದರೆ ಅದು ಯಾರ ದಾಖಲೆಯಲ್ಲೂ ಸಂಪರ್ಕ ಕಡಿತವಲ್ಲ. ಯಾರೂ ಬಂದು ತಂತಿ ಕತ್ತರಿಸಿಲ್ಲವಲ್ಲ. ಜನರಿಗೆ ಉಚಿತ ಸಲಹೆ ನೀಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆ ಕಳೆದ ತಿಂಗಳು ಹೊರತಂದ ವರದಿಯ ಪ್ರಕಾರ 2022ರಲ್ಲಿ 32 ಲಕ್ಷ ಜನರು ಹೀಗೆ ಮೀಟರಿಗೆ ಹಾಕಲು ಹಣವಿಲ್ಲದೆ ಕತ್ತಲಲ್ಲಿ ಕೂತಿದ್ದಾರೆ. ಅದೇ ವರ್ಷ ಬಿಲ್ಲು ಕಟ್ಟಲಾಗದ ಸುಮಾರು 6 ಲಕ್ಷ ಜನರನ್ನು ಪ್ರಿಪೇಯ್ಡ್ ಮೀಟರಿಗೆ ಬಲವಂತವಾಗಿ ಬದಲಿಸಲಾಗಿದೆ ಎಂಬುದು ಅವರ ಅಂದಾಜು. ಈ ತಿಂಗಳ ಆರಂಭದಲ್ಲಿ, ಇಂಧನ ಕಂಪನಿಯಾದ ಬ್ರಿಟಿಷ್ ಗ್ಯಾಸ್ ಪರವಾಗಿ ಕೆಲಸ ಮಾಡುವ ಗುತ್ತಿಗೆದಾರರು ನ್ಯಾಯಾಲಯದ ವಾರಂಟ್ ಹಿಡಿದು ದುರ್ಬಲರ ಮನೆಗಳಿಗೆ ನುಗ್ಗಿ ಮೀಟರು ಕೂರಿಸುತ್ತಿರುವುದನ್ನು ದಿ ಟೈಮ್ಸ್ ಪತ್ರಿಕೆ ಬಯಲಿಗೆಳೆಯಿತು. ನಿಯಂತ್ರಣ ಸಂಸ್ಥೆಯಾದ ಆಫ್‌ಜೆಮ್ ಬಲವಂತದ ಅಳವಡಿಕೆಯನ್ನು ನಿಲ್ಲಿಸುವಂತೆ ಕಂಪನಿಗಳಿಗೆ ಹೇಳಿದೆ. ಸೋಮವಾರ ನ್ಯಾಯಮೂರ್ತಿ ಎಡಿಸ್ ಅವರು ಇಂಗ್ಲೆಂಡ್ ಮತ್ತು ವೇಲ್ಸ್‌ನ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಿಗೆ ಇಂಥ ವಾರಂಟಿನ ಅರ್ಜಿಗಳನ್ನು ಸದ್ಯಕ್ಕೆ ಕೈಗೆತ್ತಿಕೊಳ್ಳಬಾರದೆಂದು ಸೂಚಿಸಿದ್ದಾರೆ. ಇದು ಆಗಬೇಕಾದ ಕೆಲಸವೇ ಸರಿ, ಆದರೆ ನವೆಂಬರಿನಲ್ಲೇ ಆಗಬೇಕಿತ್ತು.

ಏಪ್ರಿಲ್ ನೆನೆದರೆ ನನಗೆ ಇನ್ನೂ ಚಿಂತೆಯಾಗುತ್ತದೆ. ಸಾಮಾನ್ಯ ಬಳಕೆಯ ಮನೆಯೊಂದರ ವಾರ್ಷಿಕ ವೆಚ್ಚ 2,500 ಪೌಂಡಿನ ಆಸುಪಾಸಿನಲ್ಲಿ ಇರುವಂತೆ ಸರ್ಕಾರ ಅಕ್ಟೋಬರಿನಿಂದ ದರವನ್ನು ಹಿಡಿದಿಟ್ಟಿದೆ. ಈಗಿನ ಯೋಜನೆಯಂತೆ ಏಪ್ರಿಲ್ 1ರಿಂದ ಅದು 3,000 ಪೌಂಡಿಗೆ ಏರಲಿದೆ, ಈ 400 ಪೌಂಡಿನ ನೆರವು ಮಾರ್ಚ್‌ಗೇ ಮುಗಿಯಲಿದೆ. ಕೀ ಮೀಟರಿನವರು ಬೇರೆಯವರಿಗಿಂತ ಹೆಚ್ಚಿನ ದರ ತೆರುತ್ತಿರುವುದನ್ನಾದರೂ ಮುಂದಿನ ಬಜೆಟ್ಟಿನಲ್ಲಿ ತೆಗೆದುಹಾಕಬೇಕು. ಮುಂಗಡ ಕೊಟ್ಟು ಕೊಳ್ಳುವವರಿಂದ ಹೆಚ್ಚು ಕೀಳುವುದಕ್ಕೆ ನನಗೆ ಯಾವ ನ್ಯಾಯವೂ ಕಾಣುವುದಿಲ್ಲ.

ಹುಡುಗಿಯ ಮುಂದೆಯೇ ಕಂಪನಿಗೆ ಫೋನು ಮಾಡಿದೆವು. ಬಹಳ ಹೊತ್ತು ಕಾದ ಮೇಲೆ ಸಿಕ್ಕವರು ಸೌಜನ್ಯದಿಂದಲೇ ಮಾತಾಡಿ, ಬಾಡಿಗೆ ಕರಾರಿನ ಪ್ರತಿ ಕಳಿಸಿದರೆ ಖಾತೆಯನ್ನು ಅವರ ಹೆಸರಿಗೆ ಮಾಡಿ ವೋಚರುಗಳನ್ನು ಹೊಸದಾಗಿ ಕಳಿಸುವುದಾಗಿ ಒಪ್ಪಿಕೊಂಡರು.

ಇದನ್ನು ಓದುವ ಕನ್ನಡದ ಮಕ್ಕಳಲ್ಲಿ, ಅದರಲ್ಲೂ ಕಳೆದ ವರ್ಷವಷ್ಟೇ ಬಂದ ವಿದ್ಯಾರ್ಥಿಗಳು ಮತ್ತು ನರ್ಸುಗಳಲ್ಲಿ, ಯಾರ ಮನೆಯಲ್ಲಾದರೂ ಕೀ ಮೀಟರಿದ್ದರೆ ದಯವಿಟ್ಟು ಅಂಚೆಯ ಲಕೋಟೆಗಳನ್ನು ಎಸೆಯಬೇಡಿ. ಬೇರೆಯವರ ಹೆಸರಿನ ಲಕೋಟೆ ಬಂದಿದ್ದರೆ ಕಂಪನಿಗೆ ತಿಳಿಸಿ, ನಿಮ್ಮ ಹೆಸರನ್ನು ನೋಂದಾಯಿಸಿ. ಒಂದು ವೋಚರು 90 ದಿನ ಮಾತ್ರ ನಡೆಯುತ್ತದೆ, ಹಾಗಾಗಿ ಅಕ್ಟೋಬರಿನದು ಈಗಾಗಲೇ ಮುಗಿದಿರುತ್ತದೆ. ಅವಧಿ ಮೀರಿದ್ದನ್ನು ಕೇಳಿದರೆ ಮತ್ತೆ ಕೊಡುತ್ತಾರೆ. ಅಂಗಡಿಯಲ್ಲಿ ಗುರುತಿನ ಚೀಟಿ ಕೇಳಬಹುದು, ಒಯ್ಯಿರಿ. ಬಾಡಿಗೆಯಲ್ಲೇ ವಿದ್ಯುತ್ ವೆಚ್ಚ ಸೇರಿರುವವರಿಗೂ ಈ ನೆರವಿನ ಲಾಭವನ್ನು ಮಾಲೀಕರು ದಾಟಿಸಬೇಕೆಂದು ಕಾನೂನಿದೆ, ಅದನ್ನು ಸಂಕೋಚವಿಲ್ಲದೆ ಕೇಳಿ. ಎಲ್ಲ ವೋಚರುಗಳಿಗೂ 2023ರ ಜೂನ್ 30 ಕೊನೆಯ ದಿನ.