ಬಾಲ್ಕನಿ ಇದೆಯಲ್ಲ ಸರ್!

ಈ ವಾರ ಮಂಗಳೂರಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಕಿವಿಗೆ ಬಿದ್ದ ಮಾತು. ರಿಟೈರ್ ಆದ ದಂಪತಿ, ಮುಂಬೈಯಿಂದ ಹೊರಡುವ ಕ್ರೂಸ್ ಬುಕ್ ಮಾಡಲು ಬಂದಿದ್ದರು. ಎಲ್ಲ ಮುಗಿಯುವ ಹೊತ್ತಿಗೆ ಯಜಮಾನರು ದನಿ ತಗ್ಗಿಸಿ, "ಸಿಗರೇಟು ಸೇದುವವರಿಗೆ ಅಂತ ಬೇರೆ ರೂಮು ಇರ್ತದಾ ಮೇಡಂ? ದುಡ್ಡು ಸ್ವಲ್ಪ ಹೆಚ್ಚಾದ್ರೂ ಅಡ್ಡಿಲ್ಲ" ಎಂದರು. ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ಕಣ್ಣು ಕೀಳದೆ ಹೇಳಿದಳು: "ರೂಮಲ್ಲಿ ಬಿಡುವುದಿಲ್ಲ. ಬಾಲ್ಕನಿ ಇದೆಯಲ್ಲ ಸರ್, ಒಳ್ಳೆ ಗಾಳಿ ಬರ್ತದೆ. ಅಲ್ಲೇ ಸೇದಬಹುದು."

ಯಜಮಾನರ ಮುಖ ಅರಳಿತು. ಅವರ ಹೆಂಡತಿ ಮಾತ್ರ, "ರೂಮಲ್ಲಿ ಬೇಡ ಅಂದವರು ಬಾಲ್ಕನಿಯಲ್ಲಿ ಬಿಡ್ತಾರಾ?" ಎಂದು ಕೇಳಿದರು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಅಲ್ಲಿದ್ದವರಲ್ಲಿ ತಲೆ ಓಡಿಸಿದ್ದು ಅವರೊಬ್ಬರೇ. ಹುಡುಗಿಗೆ ಸುಳ್ಳು ಹೇಳುವ ಉದ್ದೇಶವೇನೂ ಇದ್ದಂತಿರಲಿಲ್ಲ. ಬುಕಿಂಗ್ ಕೈತಪ್ಪಬಾರದು, ಅಷ್ಟೇ.

ಬಾಲ್ಕನಿ ಇದೆಯಲ್ಲ ಸರ್. 2006ರ ಮಾರ್ಚ್ 23ರಂದು ಸ್ಟಾರ್ ಪ್ರಿನ್ಸೆಸ್ ಎಂಬ ಹಡಗು ಗ್ರ್ಯಾಂಡ್ ಕೇಮನ್‌ನಿಂದ ಜಮೈಕಾ ಕಡೆಗೆ ಹೊರಟಿತ್ತು. ನಸುಕಿನ ಮೂರು ಗಂಟೆಯ ಸುಮಾರಿಗೆ ಬೆಂಕಿ ಕಾಣಿಸಿಕೊಂಡದ್ದು ಒಂದು ಬಾಲ್ಕನಿಯಲ್ಲೇ. ಯಾರೋ ಎಸೆದ ಸಿಗರೇಟಿನ ತುಂಡು ಅಲ್ಲಿ ಸುಮಾರು ಇಪ್ಪತ್ತು ನಿಮಿಷ ಒಳಗೊಳಗೇ ಹೊಗೆಯಾಡಿ ಆಮೇಲೆ ಉರಿ ಎದ್ದಿರಬೇಕು ಎಂದು ಬ್ರಿಟನ್ನಿನ ತನಿಖಾಧಿಕಾರಿಗಳು ವರದಿ ಕೊಟ್ಟರು. ಅರ್ಧ ಗಂಟೆಯೊಳಗೆ ಬೆಂಕಿ ಐದು ಡೆಕ್‌ಗಳಿಗೆ, ಅಂದರೆ ಹಡಗಿನ ಐದು ಮಹಡಿಗಳಿಗೆ, ಹಬ್ಬಿತ್ತು. 79 ಕ್ಯಾಬಿನ್‌ಗಳು ಪೂರ್ತಿ ಹಾಳಾದವು, ಇನ್ನೂರಕ್ಕೂ ಹೆಚ್ಚು ಕ್ಯಾಬಿನ್‌ಗಳಿಗೆ ಬೆಂಕಿ, ಹೊಗೆ, ನೀರು ಹೊಕ್ಕಿತು. ಒಬ್ಬ ಪ್ರಯಾಣಿಕರು ತೀರಿಕೊಂಡರು.

ಅಷ್ಟು ಬೇಗ ಹಬ್ಬಿದ್ದು ಹೇಗೆಂದರೆ, ಬಾಲ್ಕನಿಗಳ ನಡುವಿನ ತಡಿಕೆ ಪಾಲಿಕಾರ್ಬೊನೇಟ್, ನೆಲದ ಹಾಸು ಪಾಲಿಯುರೆಥೇನ್, ಕುರ್ಚಿ ಪ್ಲಾಸ್ಟಿಕ್, ಎಲ್ಲವೂ ಉರಿಯುವಂಥವೇ. ಸಾಲದ್ದಕ್ಕೆ ಹಡಗು ಓಡುವ ವೇಗದ ಗಾಳಿ. ಕ್ಯಾಬಿನ್ ಒಳಗೆ ಹೊಗೆ ಪತ್ತೆಯ ಡಿಟೆಕ್ಟರ್ ಇತ್ತು, ಬೆಂಕಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇತ್ತು; ಬಾಲ್ಕನಿ 'ಹೊರಗಿನ ಜಾಗ' ಎಂದು ಲೆಕ್ಕ, ಹಾಗಾಗಿ ಅಲ್ಲಿ ಎರಡೂ ಇರಲಿಲ್ಲ. ಬೆಂಕಿ ಹಡಗಿನ ಹೊರಮೈ ಹಿಡಿದು ಮೇಲೇರಿತು. ಗಾಜು ಒಡೆದು ಒಳನುಗ್ಗಿದ ಕಡೆ ಅದನ್ನು ತಡೆದದ್ದು ಕ್ಯಾಬಿನ್ನಿನ ಸ್ಪ್ರಿಂಕ್ಲರ್‌ಗಳು.

ಇದಾದ ಮೇಲೆ ಅಂತರರಾಷ್ಟ್ರೀಯ ಹಡಗು ಸುರಕ್ಷತಾ ನಿಯಮಕ್ಕೆ ತಿದ್ದುಪಡಿ ಬಂತು, 2008ರ ಜುಲೈ 1ರಿಂದ ಜಾರಿ. ತಡಿಕೆ ಬೆಂಕಿ ಹಿಡಿಯದ ವಸ್ತುವಿನದ್ದೇ ಆಗಿರಬೇಕು. ಕುರ್ಚಿ-ಮೇಜು ಸುಲಭವಾಗಿ ಉರಿಯದಂಥವು ಇರಬೇಕು, ಇಲ್ಲವಾದರೆ ಬಾಲ್ಕನಿಗೂ ಡಿಟೆಕ್ಟರ್ ಮತ್ತು ನೀರು ಚಿಮ್ಮಿಸುವ ವ್ಯವಸ್ಥೆ ಹಾಕಬೇಕು. ಆಯಿತು. ಆದರೆ ಪ್ರಯಾಣಿಕರು ಕುರ್ಚಿಯ ಮೇಲೆ ಒಣಹಾಕುವ ಟವೆಲಿಗೆ ಯಾವ ನಿಯಮವೂ ಇಲ್ಲ. ಹಡಗಿನಿಂದ ಎಸೆದ ತುಂಡು ನೆಟ್ಟಗೆ ಸಮುದ್ರಕ್ಕೆ ಬೀಳುತ್ತದೆ ಎಂದುಕೊಳ್ಳುವುದೂ ಭ್ರಮೆ. ಹಡಗಿನ ಮಗ್ಗುಲಲ್ಲಿ ಸುಳಿಯುವ ಗಾಳಿ ಅದನ್ನು ಮತ್ತೆ ಒಳಕ್ಕೆ, ಕೆಳಗಿನ ಯಾರದೋ ಬಾಲ್ಕನಿಗೆ ತಂದು ಹಾಕಬಹುದು. ಸೇದಿದವರು ಆಗಲೇ ನಿದ್ದೆ ಹೋಗಿರುತ್ತಾರೆ. ಕಾರ್ನಿವಲ್, ರಾಯಲ್ ಕೆರಿಬಿಯನ್‌ನಂಥ ಕಂಪನಿಗಳು 2014ರಲ್ಲಿ ಬಾಲ್ಕನಿಯಲ್ಲೂ ಸೇದುವುದನ್ನು ನಿಲ್ಲಿಸಿದವು. ಸಿಕ್ಕಿಬಿದ್ದರೆ 250ರಿಂದ 500 ಡಾಲರ್ ರೂಮಿನ ಬಿಲ್ಲಿಗೆ ಸೇರುತ್ತದೆ.

ಹಾಗಾದರೆ ಯಜಮಾನರು ಕೇಳಿದ ಬೇರೆ ರೂಮು? ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮಲ್ಲಿ 2008ರ ನಿಯಮದ ಪ್ರಕಾರ ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ರೂಮಿರುವ ಹೋಟೆಲು ಸೇದುವವರಿಗೆ ಪ್ರತ್ಯೇಕ ರೂಮು ಇಡಬಹುದು. ಅವು ಒಂದೇ ಕಡೆ ಇರಬೇಕು, ಹೊಗೆ ಹೊರಗೆ ಹೋಗಬೇಕು, ಬೇರೆಡೆಗೆ ನುಸುಳಬಾರದು. ಹಡಗಿನಲ್ಲಿ ಎಡವಟ್ಟಾಗುವುದು ಈ ಕೊನೆಯದರಲ್ಲೇ. ಅಲ್ಲಿ ಒಂದೊಂದು ಏಸಿ ಘಟಕ ಸಾಲು ಸಾಲು ಕ್ಯಾಬಿನ್‌ಗಳಿಗೆ ಗಾಳಿ ಕೊಡುತ್ತದೆ, ಒಳಗಿನ ಗಾಳಿ ಹೊರಹೋಗುವುದು ಬಾತ್‌ರೂಮಿನ ಜಾಲರಿಯಿಂದ. ಬಾಲ್ಕನಿ ಬಾಗಿಲು ತೆರೆದಿಟ್ಟು ಕಾರಿಡಾರಿನ ಬಾಗಿಲು ತೆಗೆದು ನೋಡಿ, ಗಾಳಿ ಬಾಗಿಲನ್ನೇ ಕೈಯಿಂದ ಕಿತ್ತುಕೊಳ್ಳುತ್ತದೆ. ಆ ಗಾಳಿಯ ಜೊತೆ ಹೊಗೆಯೂ ಕಾರಿಡಾರಿಗೆ, ಎದುರಿನ ರೂಮಿಗೆ. ಹಾಸಿಗೆಯ ಫೋಮ್, ಕಾರ್ಪೆಟ್, ಕರ್ಟನ್ ಹೀರಿಕೊಂಡ ವಾಸನೆ ಓಝೋನ್ ಮೆಷಿನ್ ಇಟ್ಟರೆ ಕಡಿಮೆಯಾಗುತ್ತದೆ ನಿಜ. ಆದರೆ ಮೆಷಿನ್ ಓಡುವಾಗ ರೂಮಿನಲ್ಲಿ ಯಾರೂ ಇರುವಂತಿಲ್ಲ, ಆಮೇಲೆ ಗಾಳಿಯಾಡಿಸಬೇಕು. ಬೆಳಿಗ್ಗೆ ಒಬ್ಬರು ಇಳಿದು ಮಧ್ಯಾಹ್ನಕ್ಕೆ ಇನ್ನೊಬ್ಬರು ಹತ್ತುವ ದಿನ ಅಷ್ಟು ಪುರುಸೊತ್ತು ಯಾರಿಗಿದೆ? ಮಂಗಳೂರು, ಉಡುಪಿ ಕಡೆಯಿಂದ "ಶಿಪ್ಪಿಗೆ ಹೋದ" ಎಷ್ಟೋ ಹುಡುಗರ ಕೆಲಸ ಇದೇ, ಕ್ಯಾಬಿನ್ ಸ್ವಚ್ಛ ಮಾಡುವುದು. ಒಬ್ಬನ ಪಾಲಿಗೆ ಹದಿನೈದು ಇಪ್ಪತ್ತು ಕ್ಯಾಬಿನ್. ಸೇದುವ ರೂಮಿನ ಸಾಲು ಪಾಲಿಗೆ ಬಂದವನ ಶ್ವಾಸಕೋಶದ ಬಗ್ಗೆ ಯಜಮಾನರೂ ಯೋಚಿಸಲಿಲ್ಲ, ಕೌಂಟರಿನ ಹುಡುಗಿಯೂ ಯೋಚಿಸಲಿಲ್ಲ.

ಎಲ್ಲಕ್ಕಿಂತ ಮುಖ್ಯ, ಕ್ಯಾಬಿನ್ ಎಂದರೆ ಮಲಗುವ ಜಾಗ. ಎರಡು ಪೆಗ್ ಹಾಕಿ, ಕೈಯಲ್ಲಿ ಉರಿಯುವ ಸಿಗರೇಟು ಹಿಡಿದು ಕಣ್ಣು ಮುಚ್ಚಿದವರಿಗೆ ಹೊರಗೆ ಓಡಲು ರಸ್ತೆ ಇಲ್ಲ, ಸುತ್ತ ಸಮುದ್ರ. ಹಾಗಾಗಿ ಸೇದುವವರ ಕ್ಯಾಬಿನ್ ಬೇಡವೇ ಬೇಡ.

ಆದರೆ ಬರೀ 'ಬೇಡ' ಎಂದು ಕೈತೊಳೆದುಕೊಳ್ಳುವ ಕಂಪನಿಗಳೂ ಸಾಚಾ ಅಲ್ಲ. ಕಾರ್ನಿವಲ್‌ನ ಪ್ಯಾರಡೈಸ್ 1998ರಲ್ಲಿ ಪೂರ್ತಿ ಹೊಗೆಮುಕ್ತ ಹಡಗಾಗಿ ಶುರುವಾಗಿತ್ತು. ಸೇದಿದವರನ್ನು ಮುಂದಿನ ಬಂದರಿನಲ್ಲಿ ಇಳಿಸಿಬಿಡುತ್ತಿದ್ದರು. 2004ಕ್ಕೆ ಆ ನಿಯಮವೇ ಹೋಯಿತು. ಸೇದದವರು ಬಾರು, ಕ್ಯಾಸಿನೊದಲ್ಲಿ ಕೈ ಬಿಚ್ಚುವುದಿಲ್ಲ ಎಂಬುದು ಆಗ ಕೇಳಿಬಂದ ಕಾರಣ. ಕ್ಯಾಸಿನೊ ಒಳಗೆ, ಮುಚ್ಚಿದ ಜಾಗದಲ್ಲಿ ಸೇದಲು ಬಿಟ್ಟು, ತೆರೆದ ಡೆಕ್ಕಿನಲ್ಲಿ ಮಾತ್ರ ಹಿಂದಿನ ಒಂದು ಮೂಲೆ ತೋರಿಸುವ ಹಡಗುಗಳಿದ್ದವು. ಮಳೆಗೆ ಮರೆಯಿಲ್ಲದ, ಕ್ಯಾಬಿನ್‌ನಿಂದ ಹತ್ತು ನಿಮಿಷ ನಡೆಯಬೇಕಾದ ಮೂಲೆಗೆ ರಾತ್ರಿ ಎರಡಕ್ಕೆ ಯಾರು ಹೋಗುತ್ತಾರೆ? ಡಿಟೆಕ್ಟರಿಗೆ ಶವರ್ ಕ್ಯಾಪ್ ತೊಡಿಸಿ ಬಾತ್‌ರೂಮಿನಲ್ಲಿ ಸೇದುತ್ತಾರೆ. ತುಂಡನ್ನು ಟಿಶ್ಯೂ ತುಂಬಿದ ಬುಟ್ಟಿಗೆ ಹಾಕಿದರೆ ಬೆಂಕಿ. ಕಮೋಡಿಗೆ ಹಾಕಿದರೆ ಅದು ಗಾಳಿಯ ಸೆಳೆತದಲ್ಲಿ ಎಳೆಯುವ ವ್ಯಾಕ್ಯೂಮ್ ಲೈನು, ಕಟ್ಟಿಕೊಂಡರೆ ಅಕ್ಕಪಕ್ಕದ ರೂಮುಗಳದ್ದೂ ಬಂದ್. ಎದುರಿಗೆ ಕಾಣುವ ಸಿಗರೇಟಿಗಿಂತ ಕದ್ದು ಸೇದುವ ಸಿಗರೇಟು ಹಡಗಿಗೆ ಹೆಚ್ಚು ಅಪಾಯ. ಗಾಳಿ ಬಡಿಯದ ಮಗ್ಗುಲಲ್ಲಿ, ಲಿಫ್ಟಿಗೆ ಹತ್ತಿರ ಒಂದು ಸೇದುವ ಜಾಗ ಮಾಡಿ, ಸೂರು ಹಾಕಿ, ಮರಳು ತುಂಬಿದ ಲೋಹದ ಆಶ್‌ಟ್ರೇ ಇಟ್ಟು, ರಾತ್ರಿಯಿಡೀ ತೆರೆದಿಟ್ಟರೆ ಕಂಪನಿಗೆ ಆಗುವ ಖರ್ಚಾದರೂ ಎಷ್ಟು?

ಯಜಮಾನರಂಥವರು ದುಡ್ಡು ಕಟ್ಟುವ ಮುಂಚೆ ಆ ಹಡಗಿನ ಧೂಮಪಾನ ನಿಯಮವನ್ನು ಬರಹದಲ್ಲಿ ಕೇಳಿ ಪಡೆಯಲಿ, ಕೌಂಟರಿನ ಬಾಯಿಮಾತು ಸಾಲದು. ಸೇದಲಿಕ್ಕೆಂದೇ ಬಾಲ್ಕನಿ ಕ್ಯಾಬಿನ್ನಿಗೆ ಹೆಚ್ಚು ದುಡ್ಡು ಕೊಡುವುದು ವ್ಯರ್ಥ. ಡೆಕ್ ನಕ್ಷೆಯಲ್ಲಿ ಸೇದುವ ಜಾಗ ಗುರುತಿಸಿ, ಅದಕ್ಕೆ ಹತ್ತಿರದ ಲಿಫ್ಟಿನ ಪಕ್ಕ ಒಳಗಿನ ಕ್ಯಾಬಿನ್ ಹಿಡಿದರೆ ಸಾಕು. ಇ-ಸಿಗರೇಟು ಪೆಟ್ಟಿಗೆಗೆ ಹಾಕುವುದೇ ಬೇಡ, ಭಾರತದಲ್ಲಿ ಅದಕ್ಕೆ 2019ರಿಂದ ನಿಷೇಧವಿದೆ. ರಾತ್ರಿ ಎದ್ದು ಸೇದುವ ಚಟವಿದ್ದರೆ, ಡಾಕ್ಟರನ್ನು ಕೇಳಿ 2 ಮಿಲಿಗ್ರಾಮಿನದೋ 4 ಮಿಲಿಗ್ರಾಮಿನದೋ ನಿಕೋಟಿನ್ ಗಮ್ ಇಟ್ಟುಕೊಳ್ಳಲಿ. ಅದನ್ನು ಚೂಯಿಂಗ್ ಗಮ್ಮಿನಂತೆ ಜಗಿಯುತ್ತಲೇ ಇರಬಾರದು; ನಾಲ್ಕಾರು ಸಲ ಜಗಿದು, ಖಾರ ತಗುಲಿದ ಕೂಡಲೇ ಒಸಡು-ಕೆನ್ನೆಯ ನಡುವೆ ಒತ್ತಿಟ್ಟುಕೊಳ್ಳಬೇಕು.